ಗ್ರಂಥಾಲಯದ ಬಾಗಿಲಲ್ಲಿ ನಿಂತಿರುವ ರಟ್ಟಿನ ಚಿರತೆಯವರ ಬಲ ಮಂಡಿಯ ಕುರಿತು

ಗೆ,
ಶ್ರೀಯುತ ಚಿರತೆಯವರ ಆಳೆತ್ತರದ ಕಟೌಟ್,
ಗ್ರಂಥಾಲಯದ ಬಾಗಿಲ ಎಡಬದಿ,
ಕೊಡೆಗಳನ್ನಿಡುವ ಡಬ್ಬದ ಪಕ್ಕ.

ರಟ್ಟಿನಿಂದ ಮಾಡಲ್ಪಟ್ಟವರಾದರೂ ನೆಟ್ಟಗೆ ನಿಲ್ಲಬಲ್ಲ ಮಾನ್ಯರೇ,

ಇಂದು ಮಾರ್ಚ್ ತಿಂಗಳ ಹನ್ನೊಂದನೇ ತಾರೀಖು. ಕಾಲೇಜಿನ ಶಿಸ್ತು ಸಮಿತಿಯವರು ಅಪ್ಪಣೆ ಕೊಡಿಸಿರುವಂತೆ, ತಮ್ಮ ಬಲ ಮಂಡಿಗೆ ನನ್ನ ಕೈಯಿಂದ ಒದಗಿದ ಹಾನಿಗಾಗಿ ತಮ್ಮಲ್ಲಿ ಬೇಷರತ್ತಾಗಿ ಕ್ಷಮೆ ಯಾಚಿಸುವುದು ಈ ಪತ್ರದ ಏಕೈಕ ಉದ್ದೇಶ. ಇದರ ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ಹಚ್ಚಬೇಕೆಂದೂ ನಾಳಿನ ಕ್ರೀಡಾ ದಿನದಂದು ಎಲ್ಲರೆದುರು ನಾನೇ ಇದನ್ನು ಓದಬೇಕೆಂದೂ ಸಮಿತಿ ಬಯಸಿದೆ. ತಪ್ಪಿದರೆ ಈ ವರ್ಷದ ಚಿನ್ನದ ಪದಕವೂ ನನ್ನ ನಡತೆಯ ಪ್ರಮಾಣಪತ್ರವೂ ನನಗೆ ಸಿಗುವುದಿಲ್ಲ. ಪದಕ ಹೋದರೆ ಹೋಗಲಿ ಎನ್ನಬಹುದು. ಪ್ರಮಾಣಪತ್ರವಿಲ್ಲದಿದ್ದರೆ ಮುಂದಿನ ಓದಿಗೆ ಸಿಕ್ಕಿರುವ ಸೀಟೂ ಹೋಗುತ್ತದೆ.

ನನ್ನ ಪರಿಚಯವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಭೌತಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ಸೇರಿದಂದಿನಿಂದ ತರಗತಿಗೆ ಮೊದಲಿಗಳು. ವಿನಯದ ಹೆಸರಿನಲ್ಲಿ ಇದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಗೋಲು ಹೊಡೆದವರು ಅಂಗಿ ಬಿಚ್ಚಿ ಮೈದಾನದ ತುಂಬ ಓಡುವುದನ್ನು ಸಹಿಸುವ ಸಮಾಜ, ಲೆಕ್ಕ ಸರಿಯಾಗಿ ಬಿಡಿಸಿದವಳು ಕುಳಿತಲ್ಲೇ ಒಂದು ಮಾತು ಹೇಳಿಕೊಳ್ಳುವುದನ್ನು ಸಹಿಸಲಾರದೇ?

ಈ ಪತ್ರ ತಮ್ಮ ಮೂಲಪುರುಷರಿಗೆ, ಅಂದರೆ ಫುಟ್‌ಬಾಲ್ ಲೋಕ ‘ಚಿರತೆ’ ಎಂದು ಕರೆಯುವ, ಒಂದು ಕಾಲಕ್ಕೆ ಇದೇ ಕಾಲೇಜಿನಲ್ಲಿ ಓದಿದರೆಂದು ಹೇಳಲಾಗುವ ಆ ಮಹನೀಯರಿಗೆ ಹೋಗಬೇಕಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಸಮಿತಿಯ ಆದೇಶದಲ್ಲಿ ‘ಹಾನಿಗೊಳಗಾದ ಕ್ರೀಡಾಪಟು’ ಎಂದಿದೆ. ಮೂಲಪುರುಷರು ತಮ್ಮ ಎರಡೂ ಮಂಡಿಗಳೊಂದಿಗೆ ಕ್ಷೇಮವಾಗಿ ಜಾಹೀರಾತುಗಳಲ್ಲಿ ಓಡಾಡಿಕೊಂಡಿರುವುದನ್ನು ದಿನವೂ ನೋಡುತ್ತಿದ್ದೇವೆ. ಹಾನಿಯಾಗಿರುವುದು ತಮಗೆ. ಅಲ್ಲದೆ, ನಾಲ್ಕು ತಿಂಗಳಿಂದ ತಾವು ಗ್ರಂಥಾಲಯದ ಬಾಗಿಲು ಬಿಟ್ಟು ಕದಲಿಲ್ಲ. ಮೂಲಪುರುಷರು ಓದುವ ಕಾಲದಲ್ಲಿ ಅದರ ಹೊಸ್ತಿಲು ತುಳಿದದ್ದನ್ನು ಕಂಡವರು ಯಾರೂ ಇಲ್ಲ. ಇಬ್ಬರಲ್ಲಿ ಈ ಕಾಲೇಜಿನ ನಿಜವಾದ ವಿದ್ಯಾರ್ಥಿ ಯಾರೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಅವರ ಮೇಲೆ ನನಗೆ ಹುಟ್ಟಿನಿಂದಲೇ ದ್ವೇಷವೆಂದು ತಾವು ಭಾವಿಸಬಾರದು. ಚಿಕ್ಕವಳಿದ್ದಾಗ ಅವರ ಪಂದ್ಯವಿದ್ದ ದಿನ ಅಮ್ಮ ಒಲೆ ಆರಿಸಿ ಬಂದು ಕುಳಿತುಬಿಡುತ್ತಿದ್ದಳು. ಗೋಲು ಹೊಡೆದ ಮೇಲೆ ಅವರು ಒಂದು ಮಂಡಿಯೂರಿ, ಎಡಗೈಯನ್ನು ಎದೆಗಿಟ್ಟು, ಬಲಗೈ ಬೆರಳನ್ನು ಆಕಾಶಕ್ಕೆ ತೋರಿಸುವಾಗ, ಅಷ್ಟು ಎತ್ತರಕ್ಕೆ ಹೋದವನೂ ಬಗ್ಗುತ್ತಾನಲ್ಲ ಎಂದು ಅವಳ ಕಣ್ಣು ತುಂಬುತ್ತಿತ್ತು. ನಾನೂ ನಡುಮನೆಯಲ್ಲಿ ಮಂಡಿಯೂರಿ ಚಾಪೆ ಹರಿದಿದ್ದೇನೆ. ಕಳೆದ ವರ್ಷ ಅವರೇ ಒಂದು ಸಂದರ್ಶನದಲ್ಲಿ ನಗುನಗುತ್ತ ವಿವರಿಸಿದ ಪ್ರಕಾರ, ಆ ಭಂಗಿಯನ್ನು ಅವರಿಗೆ ಹೇಳಿಕೊಟ್ಟದ್ದು ಬೂಟಿನ ಕಂಪನಿಯವರು; ಒಂದು ಮಂಡಿಯೂರಿದಾಗ ಹಿಂದಿನ ಪಾದದ ಅಟ್ಟೆ ಕ್ಯಾಮೆರಾಕ್ಕೆ ಪೂರ್ತಿ ಕಾಣುತ್ತದಂತೆ, ಅಟ್ಟೆಯ ಮೇಲೆ ಕಂಪನಿಯ ಗುರುತಿರುತ್ತದಂತೆ. ಅಮ್ಮ ಆ ಸಂದರ್ಶನವನ್ನು ಪೂರ್ತಿ ನೋಡಲಿಲ್ಲ. ಒಲೆ ಹೊತ್ತಿಸಲು ಎದ್ದು ಹೋದಳು.

ಇನ್ನು ತಮ್ಮ ಆಗಮನದ ವಿಷಯ. ನವೆಂಬರಿನಲ್ಲಿ ಮೂಲಪುರುಷರು ಖುದ್ದಾಗಿ ಬರುತ್ತಾರೆಂದು ಮೆಟ್ಟಿಲುಗಳಿಗೆ ಬಣ್ಣ ಬಳಿದು ಕಾದಿದ್ದ ನಮಗೆ, ಅವರ ಬದಲಾಗಿ ಸಾಮಾನು ಸಾಗಿಸುವ ವ್ಯಾನಿನಲ್ಲಿ ತಾವು ಬಂದಿಳಿದಿರಿ. ಪ್ರಾಂಶುಪಾಲರು ಎದೆಗುಂದದೆ ತಮಗೇ ಹಾರ ಹಾಕಿದರು. ತಾವು ಭಾಷಣ ಮಾಡಲಿಲ್ಲ. ಇಲ್ಲಿಗೆ ಬಂದ ಅತಿಥಿಗಳಲ್ಲಿ ಅಷ್ಟು ಚುಟುಕಾಗಿ, ಅಷ್ಟು ಅರ್ಥವತ್ತಾಗಿ ಮುಗಿಸಿದವರು ಮತ್ತೊಬ್ಬರಿಲ್ಲ. ಬೇರೆಲ್ಲೂ ಜಾಗವಿಲ್ಲದೆ ತಮ್ಮನ್ನು ಗ್ರಂಥಾಲಯದ ಬಾಗಿಲಿಗೆ ತಂದು ನಿಲ್ಲಿಸಿದರು.

ಮರುವಾರವೇ ನಮ್ಮ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಒಂದು ಪದ್ಧತಿ ಜಾರಿಗೆ ತಂದರು. ಒಳಗೆ ಹೋಗುವವರು ಯಾರೇ ಆಗಲಿ, ತಮ್ಮೆದುರು ಒಂದು ಮಂಡಿಯೂರಿ ಬೆರಳನ್ನು ಆಕಾಶಕ್ಕೆ ತೋರಿಸಬೇಕು. ತಪ್ಪಿದವರು ಸಂಜೆ ತಂಡದ ಕಿಟ್ ಬ್ಯಾಗುಗಳನ್ನು ಹೊರಬೇಕು. ಆಕಾಶವಿರಬೇಕಾದ ಜಾಗದಲ್ಲಿ ನೀರು ಸೋರಿ ಕಲೆಗಟ್ಟಿದ ಸೂರಿದ್ದದ್ದು ಯಾರಿಗೂ ಅಡ್ಡಿಯೆನಿಸಲಿಲ್ಲ. ಮೊದಲ ವರ್ಷದವರು ಪಠ್ಯಪುಸ್ತಕಕ್ಕಾಗಿ ಮಂಡಿಯೂರಿದರು. ಕೆಲವು ಅಧ್ಯಾಪಕರು ಬೂಟಿನ ದಾರ ಬಿಚ್ಚಿದೆಯೇನೋ ಎಂಬಂತೆ ಅರ್ಧ ಬಗ್ಗಿ ಒಳನುಸುಳುವುದನ್ನು ಕಲಿತರು. ಗ್ರಂಥಪಾಲಕರು ಹಿಂಬಾಗಿಲಿಂದ ಬರತೊಡಗಿದರು. ನನ್ನನ್ನು ಯಾರೂ ತಡೆಯಲಿಲ್ಲ, ಏಕೆಂದರೆ ತಂಡದ ಅರ್ಧಕ್ಕರ್ಧ ಜನ ಪಾಸಾಗುವುದು ನನ್ನ ನೋಟ್ಸಿನಿಂದ.

ಈಗ ಇರುವೆಯ ಬಗ್ಗೆ ಹೇಳಬೇಕು. ಇರುವೆ ಎಂದರೆ ಮೊದಲ ವರ್ಷದ ಹುಡುಗಿ; ಆಳು ಗಿಡ್ಡ, ಓಟ ಜೋರು, ಆದ್ದರಿಂದ ಆ ಹೆಸರು. ಹುಡುಗಿಯರ ತಂಡಕ್ಕೆ ಆಯ್ಕೆಯಾಗಿದ್ದಳು. ನಮ್ಮ ಮೈದಾನದಲ್ಲಿ ಚೆಂಡನ್ನು ಅಂಕುಡೊಂಕಾಗಿ ಹೊಡೆದುಕೊಂಡು ಹೋಗುವ ಅಭ್ಯಾಸಕ್ಕೆ ಪ್ಲಾಸ್ಟಿಕ್ ಕಂಬಗಳನ್ನು ನಿಲ್ಲಿಸುತ್ತಾರೆ. ಕಂಬ ಕಡಿಮೆ ಬಿದ್ದರೆ ಮೊದಲ ವರ್ಷದವರನ್ನು ನಿಲ್ಲಿಸುತ್ತಾರೆ. ಇದು ಎಷ್ಟು ಹಳೆಯ ವಾಡಿಕೆಯೆಂದರೆ ಯಾರೂ ಅದನ್ನು ವಾಡಿಕೆಯೆಂದು ಕೂಡ ಕರೆಯುವುದಿಲ್ಲ. ಜನವರಿಯ ಒಂದು ಸಂಜೆ ಇರುವೆ ಹಾಗೆ ಕಂಬವಾಗಿ ನಿಂತಿದ್ದಾಗ ಕ್ಯಾಪ್ಟನ್ ಪೂರಾ ವೇಗದಲ್ಲಿ ಬಂದು ಅವಳ ಮಂಡಿಗೆ ಅಪ್ಪಳಿಸಿದರು. ಓಡಿ ಬಂದ ದೈಹಿಕ ಶಿಕ್ಷಕರಿಗೆ ಅವರು ಕೊಟ್ಟ ವಿವರಣೆ ಇಷ್ಟು: “ಸಾರ್, ಕಂಬ ಅಲ್ಲಾಡಿಬಿಡ್ತು.”

ಎಲ್ಲರೂ ನಕ್ಕರು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಬ್ಯಾಂಡೇಜು ಮುಗಿದಿತ್ತು. ಐಸ್ ಇತ್ತು, ಆದರೆ ಅದು ಆಟಗಾರರ ಶರಬತ್ತಿಗೆಂದು ತೆಗೆದಿಟ್ಟದ್ದಾಗಿತ್ತು. ಕ್ಯಾಂಟೀನಿಗೆ ತರಕಾರಿ ಹಾಕಿ ಹಿಂದಿರುಗುತ್ತಿದ್ದ ಗಾಡಿಯಲ್ಲಿ, ಖಾಲಿ ಬುಟ್ಟಿಗಳ ನಡುವೆ ಕಾಲು ಚಾಚಿಕೊಂಡು ಇರುವೆ ಆಸ್ಪತ್ರೆಗೆ ಹೋದಳು. ಶಸ್ತ್ರಚಿಕಿತ್ಸೆಯಾಯಿತು. ತಂಡದ ಪಟ್ಟಿಯಿಂದ ಅವಳ ಹೆಸರು ಹೋಯಿತು. ಕಂಬಗಳಿಗೆ ಮಾತ್ರ ಹೊಸದಾಗಿ ಬಣ್ಣ ಬಂತು.

ಫೆಬ್ರವರಿಯಲ್ಲಿ ಅವಳು ಊರುಗೋಲು ಹಿಡಿದು ಗ್ರಂಥಾಲಯಕ್ಕೆ ಬಂದ ಬೆಳಿಗ್ಗೆ ತಾವೂ ಅಲ್ಲೇ ಇದ್ದಿರಿ. ಆದ್ದರಿಂದ ಇಲ್ಲಿ ತಪ್ಪು ಹೇಳಿದರೆ ತಿದ್ದುವ ಅಧಿಕಾರ ತಮಗಿದೆ. ಕ್ಯಾಪ್ಟನ್ ಮತ್ತು ಅವರ ಬಳಗ ಬಾಗಿಲಿಗೆ ಅಡ್ಡ ನಿಂತಿತ್ತು. “ಏನಮ್ಮಾ ಇರುವೆ, ಅಣ್ಣ ನಿಂತಿರೋದು ಕಾಣಿಸ್ತಿಲ್ವಾ?” ಎಂದರು ಕ್ಯಾಪ್ಟನ್. “ಒಂದು ಮಂಡಿ ತಾನೇ ಹೋಗಿರೋದು? ಇನ್ನೊಂದು ಇದೆಯಲ್ಲ, ಅದನ್ನೇ ಊರು.” ಆ ಇನ್ನೊಂದನ್ನು ಊರಬೇಕಾದರೆ ಮೊದಲಿನದನ್ನು ಮಡಿಸಬೇಕಾಗುತ್ತದೆಂಬುದು ಶರೀರದ ಸರಳ ವಿಷಯ. ಪರೀಕ್ಷೆಗೆ ಬೇಕಾದ ಪುಸ್ತಕ ಒಳಗಿತ್ತು, ಅವಳು ಪ್ರಯತ್ನಪಟ್ಟಳು. ಬಿದ್ದಳು. ಬಳಗದಲ್ಲೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ನನ್ನನ್ನು ಬಿಟ್ಟರೆ, ಅಷ್ಟು ಜನರಲ್ಲಿ ಆಗ ಹೊಸದಾಗಿ ನಗದೆ ಉಳಿದವರು ತಾವೊಬ್ಬರೇ. ತಮ್ಮ ನಗು ಅಚ್ಚಿನಲ್ಲೇ ಬಂದದ್ದಾದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನಾನು ಪುಸ್ತಕಗಳನ್ನು ಕೆಳಗಿಟ್ಟೆ. ತಮ್ಮ ಹತ್ತಿರ ಬಂದೆ. ಒಂದು ಕೈಯನ್ನು ತಮ್ಮ ಸೊಂಟಕ್ಕೂ ಇನ್ನೊಂದನ್ನು ಮೀನಖಂಡಕ್ಕೂ ಕೊಟ್ಟು, ರಟ್ಟಿನ ಪದರಗಳು ಎಲ್ಲಿ ಒತ್ತಿದರೆ ಹರಿಯದೆ ಮಡಿಯುತ್ತವೆಂದು ನೋಡಿಕೊಂಡು, ಸರಿಯಾಗಿ ಬಲ ಮಂಡಿಯಲ್ಲಿ ತಮ್ಮನ್ನು ಮಡಿಸಿದೆ. ಬಿದ್ದಿದ್ದ ಇರುವೆಯ ಮುಂದೆ ತಾವು ಮಂಡಿಯೂರಿದಿರಿ. ಮಡಿಕೆ ಅಚ್ಚುಕಟ್ಟಾಗಿ ಬಂದಿತ್ತೆಂದು ನಾನೇ ಹೇಳಿಕೊಳ್ಳಬೇಕು. ಇರುವೆ ನೆಲದ ಮೇಲಿಂದಲೇ ತಮ್ಮ ಮುಖ ನೋಡಿ, ನನ್ನ ಕಡೆ ತಿರುಗಿ, “ಅಕ್ಕಾ, ಪಾಪ, ಅವರಿಗೂ ಇನ್ನು ಏಳೋಕಾಗಲ್ಲ ಅಲ್ವಾ?” ಎಂದಳು.

ಅದೇ ದಿನ ತಮ್ಮ ಜೀವನದ ಅತ್ಯಂತ ವೈಭವದ ದಿನವೂ ಆಯಿತು. ಅಣ್ಣನ ಬಲ ಮಂಡಿಯನ್ನು ಗ್ರಂಥಾಲಯದಲ್ಲಿ ಒಬ್ಬಳು ಮುರಿದಳೆಂದು ಕ್ಯಾಪ್ಟನ್ ಅಭಿಮಾನಿಗಳ ಬಳಗಕ್ಕೆ ಸಂದೇಶ ಕಳಿಸಿದರು. ಯಾವ ಅಣ್ಣ ಎಂದು ಸ್ಪಷ್ಟಪಡಿಸುವ ವ್ಯವಧಾನ ಅವರಿಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಜನಸಾಗರ. ಎದುರಿನ ಕ್ಷೌರಿಕರು ಅರ್ಧ ಗಡ್ಡದ ಗಿರಾಕಿಯೊಂದಿಗೇ ಓಡಿ ಬಂದಿದ್ದರು. ಯಾರೋ ಹೂಗುಚ್ಛ ತಂದರು, ಯಾರೋ ತನ್ನದೇ ಒಂದು ಮಂಡಿಯನ್ನು ದಾನ ಮಾಡುವುದಾಗಿ ಕೂಗಿದರು. ಸೈರನ್ ಮೊಳಗಿಸುತ್ತ ಆಂಬ್ಯುಲೆನ್ಸ್ ಬಂತು, ಸ್ಟ್ರೆಚರ್ ಇಳಿಯಿತು. ಬಂದ ನರ್ಸಮ್ಮ ತಮ್ಮನ್ನು ಮೇಲಿಂದ ಕೆಳಗೆ ನೋಡಿ, ರೋಗಿಯ ಜೊತೆಗೆ ಬಂದವರು ಯಾರೆಂದು ಕೇಳಿದರು. ಸಂಜೆ ಮೂಲಪುರುಷರ ಕಚೇರಿಯು ಅವರ ಮಂಡಿಗಳು ಎಂದಿನಂತಿವೆಯೆಂದು ಹೇಳಿಕೆ ಹೊರಡಿಸಿತು. ಕೊನೆಯ ಸಾಲಿನಲ್ಲಿ ಬೂಟಿನ ಹೆಸರಿತ್ತು.

ಆ ಗದ್ದಲದ ನಡುವೆ ನಡೆದ ಒಂದು ಸಣ್ಣ ಸಂಗತಿಗಾಗಿಯೇ ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರುವುದು. ದೈಹಿಕ ಶಿಕ್ಷಕರು ಪ್ರಥಮ ಚಿಕಿತ್ಸೆಯ ಕೋಣೆಗೆ ಹೋಗಿ, ಬೀರು ತೆರೆದು, ಇರುವೆಯ ದಿನ ಮುಗಿದುಹೋಗಿದ್ದ ಬ್ಯಾಂಡೇಜನ್ನು ಸುರುಳಿಗಟ್ಟಲೆ ತಂದು, ತಮ್ಮ ಪಾದದ ಬಳಿ ಕುಳಿತು, ತಮ್ಮ ರಟ್ಟಿನ ಮಂಡಿಯನ್ನು ಮತ್ತೆ ನೆಟ್ಟಗೆ ಮಾಡಿ, ಮಗುವಿಗೆ ಸುತ್ತುವಂತೆ ಸುತ್ತಿದರು. ಐಸ್ ಕೂಡ ಇಟ್ಟಿದ್ದರು. ರಟ್ಟು ನೆನೆಯುತ್ತದೆಂದು ಯಾರೋ ಎಚ್ಚರಿಸಿದ ಮೇಲೆ ತೆಗೆದರು. ಇರುವೆ ಊರುಗೋಲಿಗೆ ಒರಗಿ ಅದನ್ನೆಲ್ಲ ನೋಡುತ್ತಿದ್ದಳು. ಆ ಬ್ಯಾಂಡೇಜು ಇಂದಿಗೂ ತಮ್ಮ ಕಾಲಲ್ಲಿದೆ, ಬೆಳ್ಳಗಿದೆ.

ಅಷ್ಟಾದರೂ ಮೂಲಪುರುಷರ ಮೇಲೆ ನನಗೊಂದು ಚೂರು ನಂಬಿಕೆ ಉಳಿದಿತ್ತು. ಅವರ ಹೆಸರಿನಲ್ಲಿ ಇಲ್ಲಿ ಏನು ನಡೆಯುತ್ತಿದೆಯೆಂದು ತಿಳಿದರೆ ಒಂದು ಮಾತಾದರೂ ಆಡುತ್ತಾರೆಂದು ಎಲ್ಲವನ್ನೂ ವಿವರವಾಗಿ ಬರೆದು ಕಳಿಸಿದೆ. ಉತ್ತರ ಬಂತು: ನನ್ನ ಪ್ರೀತಿಗೆ ಧನ್ಯವಾದ, ಜೊತೆಗೆ ಅವರು ಮಂಡಿಯೂರಿರುವ ಒಂದು ಬಣ್ಣದ ಚಿತ್ರ. ಇರುವೆ ಅದನ್ನು ಮಡಿಸಿ, ಓದುವ ಕೋಣೆಯಲ್ಲಿ ಕುಂಟುತ್ತಿದ್ದ ಮೇಜಿನ ಕಾಲಿನಡಿ ಕೊಟ್ಟಿದ್ದಾಳೆ. ಮೇಜು ಈಗ ಅಲ್ಲಾಡುವುದಿಲ್ಲ. ಅವರು ಈ ಕಾಲೇಜಿನ ಒಂದು ಕಾಲಿಗೆ ಆಸರೆಯಾದದ್ದು ಹೀಗೆ.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಕೋರಿಕೆಗಳು. ತಂಡದ ಮುಂದಿನ ಕ್ಯಾಪ್ಟನ್ ಸ್ಥಾನವನ್ನು ತಾವು ದಯವಿಟ್ಟು ಒಪ್ಪಿಕೊಳ್ಳಬೇಕು. ತಾವು ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ, ಹಾಜರಾತಿಯಲ್ಲಂತೂ ತಮಗೆ ಸಮಾನರಿಲ್ಲ. ಕಂಬ ಕಡಿಮೆ ಬಿದ್ದ ದಿನ ತಾವೇ ಮೈದಾನಕ್ಕೆ ಬಂದು ನಿಲ್ಲಬೇಕು. ಶಿಸ್ತು ಸಮಿತಿಯ ಮುಂದೆ ಹಾಜರಾಗಿ ಆ ಬೆಳಿಗ್ಗೆ ಕಂಡದ್ದನ್ನು ಕಂಡಂತೆ ಹೇಳಬೇಕು. ಮಾತು ಬರುವ ಸಾಕ್ಷಿಗಳು ಯಾರೂ ಬಾಯಿ ಬಿಡಲಿಲ್ಲವಾದ್ದರಿಂದ ಈ ಭಾರ ತಮ್ಮ ಮೇಲೆ ಬಿದ್ದಿದೆ. ಬಿಡುವಾದಾಗ ಒಮ್ಮೆ ಒಳಗೆ ತಿರುಗಿ ಪುಸ್ತಕಗಳನ್ನೂ ನೋಡಬೇಕು.

ನಿನ್ನೆ ಸಮಿತಿಯ ಆದೇಶಕ್ಕೆ, ಕ್ಯಾಪ್ಟನ್ನರ ಸಲಹೆಯ ಮೇರೆಗೆ, ಒಂದು ಸಾಲು ಸೇರಿತು: ಕ್ಷಮಾಪಣೆಯನ್ನು ತಮ್ಮೆದುರು ಒಂದು ಮಂಡಿಯೂರಿ ಓದತಕ್ಕದ್ದು. ಮನೆಯಲ್ಲಿ ಅಮ್ಮ ಅದುವರೆಗೂ ನನ್ನನ್ನು ಒಪ್ಪಿಸಲು ನೋಡುತ್ತಿದ್ದಳು. ರಟ್ಟಿಗೆ ತಾನೇ ಹೇಳಬೇಕಾದದ್ದು, ಹೇಳಿ ಬಂದುಬಿಡು, ಸೀಟು ಕಳೆದುಕೊಳ್ಳಬೇಡ ಎನ್ನುತ್ತಿದ್ದಳು. ಹೊಸ ಸಾಲನ್ನು ಓದಿ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಮಂಡಿ ಊರ್ಬೇಕಂತಾ?” ಎಂದು ಕೇಳಿದಳು. ಹೌದೆಂದೆ. ನನ್ನ ಅಂಗಿಯೊಂದನ್ನು ಎತ್ತಿಕೊಂಡು, ಕಾಲರಿನಿಂದ ತುದಿಯವರೆಗೆ ನಿಧಾನವಾಗಿ ಸರಿಪಡಿಸಿ ಮಡಿಸಿಟ್ಟು, “ಹಾಗಾದ್ರೆ ಬೇಡ ಬಿಡೇ” ಎಂದಳು.

ಇಂತಿ, ಎರಡೂ ಮಂಡಿಗಳು ನೆಟ್ಟಗಿರುವ,
ತಮ್ಮ ವಿಶ್ವಾಸಿ,
ಭೌತಶಾಸ್ತ್ರ ವಿಭಾಗದ ಮೊದಲಿಗಳು

ತಾ. ಕ.: ಇರುವೆ ಈಗ ಊರುಗೋಲಿಲ್ಲದೆ ಬಾಗಿಲವರೆಗೆ ನಡೆಯುತ್ತಾಳೆ, ನಾಳೆ ಅವಳೂ ಮೈದಾನಕ್ಕೆ ಬರುತ್ತಾಳೆ. ತಮ್ಮ ಬ್ಯಾಂಡೇಜನ್ನು ಬಿಚ್ಚಿದ ಮೇಲೆ ದಯವಿಟ್ಟು ಬೀರುವಿಗೆ ಹಿಂದಿರುಗಿಸಿ, ಮುಂದಿನ ಕಂಬಕ್ಕೆ ಬೇಕಾದೀತು. ಇಷ್ಟು ದೂರ ಓದಿಯೂ ಕ್ಷಮಾಪಣೆ ಎಲ್ಲಿದೆಯೆಂದು ಸಮಿತಿಯವರು ಹುಡುಕುತ್ತಿದ್ದರೆ, ಅವರ ಅನುಕೂಲಕ್ಕಾಗಿ: ನಾನು ಕ್ಷಮೆ ಕೇಳುವುದಿಲ್ಲ.