ಫ್ರಿಜ್ ಬಾಗಿಲ ಮೇಲಿನ ಕೋಳಿ

"ನೋಡ್ರೀ, ಇವತ್ತೇ ಹೇಳಿಬಿಟ್ಟಿದ್ದೀನಿ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ನಾನು ಮತ್ತೆ ಚಿತ್ರ ಬರೆಯೋಳೇ! ಹೈಸ್ಕೂಲಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದೋಳು ನಾನು. ನಾನು ಬರೆದ ಹೂಜಿ ನೋಡಿ ಮೇಷ್ಟ್ರು, 'ಅಮ್ಮಾ, ಇದರಲ್ಲಿ ನೀರು ಬಗ್ಗಿಸಿ ಕುಡೀಬಹುದು' ಅಂದಿದ್ರು. ನಿಮ್ಮನ್ನ ಕಟ್ಕೊಂಡೆ, ಪೆನ್ಸಿಲ್ ಬಿಟ್ಟು ಸೌಟು ಹಿಡಿದೆ. ಹೋಗಲಿ, ಅದು ಬೇಡ. ಆದರೆ ಆ ಕೋಳಿ! ಅದನ್ನ ಯಾರಾದ್ರೂ ಕೋಳಿ ಅಂತಾರಾ? ಕಾಲು ನೋಡಿ, ಕೊಡೆ ಕಡ್ಡಿ ಥರ! ಹಾಲು ತೆಗೆಯೋಕೆ ಹೋದ್ರೂ ಅದೇ ಕೋಳಿ, ಮೊಸರು ಇಡೋಕೆ ಹೋದ್ರೂ ಅದೇ ಕೋಳಿ. ನನ್ನನ್ನೇ ದುರುಗುಟ್ಟಿ ನೋಡತ್ತೆ! ಭಾನುವಾರದೊಳಗೆ ಆ ಬಾಗಿಲ ಮೇಲೆ ನಾನು ಬರೆದ ಚಿತ್ರ ಇರಬೇಕು. ಇಲ್ಲದಿದ್ರೆ ನನ್ನ ಹೆಸರು ಪಂಕಜಾ ಅಲ್ಲ!"

ಈ ಘೋರ ಪ್ರತಿಜ್ಞೆ ನಡೆದದ್ದು ಕಡಲಾಚೆಯ ಹಿಲ್ಸ್‌ಬರೋದಲ್ಲಿ, ಮಗ ಮಿಹಿರನ ಅಡುಗೆಮನೆಯಲ್ಲಿ. ಕೇಳಿಸಿಕೊಂಡವರು ಇಬ್ಬರೇ: ಪತಿ ಶಂಕರನಾರಾಯಣ ಮತ್ತು ಆ ಕೋಳಿ.

ಕೋಳಿ ಬರೆದವರು ಬೀಗಿತ್ತಿ ಶೈಲಮ್ಮ. ಸೊಸೆ ಸುಪ್ರಿಯಾಳ ತಾಯಿ, ಧಾರವಾಡದವರು. ಈಗ ಹತ್ತಿರದ ಫೋರ್ಟ್ ಲೀ ಊರಿನಲ್ಲಿ ತಮ್ಮ ಮಗನ ಜೊತೆಗಿದ್ದಾರೆ. ಅದನ್ನು ಫ್ರಿಜ್ಜಿಗೆ ಅಂಟಿಸಿದವಳು ಮೊಮ್ಮಗಳು ಗಾರ್ಗಿ. ಆ ಮನೆಯಲ್ಲಿ ಫ್ರಿಜ್ ಬಾಗಿಲೆಂದರೆ ಆಸ್ಥಾನದ ಚಿತ್ರಶಾಲೆ! ಗಾರ್ಗಿಯ ಅಪ್ಪಣೆಯಿಲ್ಲದೆ ಅಲ್ಲಿ ಒಂದು ಪಿಜ್ಜಾ ಕೂಪನ್ ಕೂಡ ಅಂಟುವಂತಿಲ್ಲ. ಪಂಕಜಮ್ಮನಿಗೆ ಕೋಳಿಯ ಮೇಲೆ ದ್ವೇಷವೇನೂ ಇರಲಿಲ್ಲ. ದಿನವೂ ಜಡೆ ಹೆಣೆದು ಸ್ಕೂಲ್ ಬಸ್ ಹತ್ತಿಸುವವಳು ತಾನು, ಬಾಗಿಲ ಮೇಲೆ ಮೆರೆಯುವವರು ವಾರಕ್ಕೊಮ್ಮೆ ಬರುವ 'ಆಯಿ', ಅಂದರೆ ಆ ಇನ್ನೊಬ್ಬ ಅಜ್ಜಿ! ಹೊಟ್ಟೆ ಉರಿಯದೆ ಇನ್ನೇನಾದೀತು?

ಮೊದಲು ಗೂಢಚಾರಿಕೆ ನಡೆಯಿತು.

"ಪುಟ್ಟಾ, ನಿಮ್ಮ ಆಯಿ ಯಾವ ಪೆನ್ಸಿಲಲ್ಲಿ ಬರೀತಾರೆ?"

"ಫೋರ್ ಬಿ. ಅಂಡ್ ಶಿ ಹ್ಯಾಸ್ ದಿಸ್ ಗ್ರೇ ಇರೇಸರ್. ಇಟ್ಸ್ ಸೋ ಸ್ಕ್ವಿಶಿ! ವೈ ಡೋಂಟ್ ಯು ಜಸ್ಟ್ ಆಸ್ಕ್ ಹರ್, ಅಜ್ಜಿ?"

"ಕೇಳೋದಾ? ನಾನಾ? ಅವರನ್ನಾ?"

ಶನಿವಾರ ಮಗ ತಂದೆತಾಯಿ ಇಬ್ಬರನ್ನೂ ಕ್ರಾಫ್ಟ್ ಅಂಗಡಿಯ ಮುಂದೆ ಇಳಿಸಿ ಹೋದ. ಒಳಗೆ ಪೆನ್ಸಿಲ್‌ಗಳಿಗೇ ಒಂದು ಬೀದಿ! ಶಂಕರನಾರಾಯಣ ನಿವೃತ್ತ ಎಂಜಿನಿಯರು. ನಕ್ಷೆ ಬರೆದು ಕೈ ಪಳಗಿದವರು. ಕುತ್ತಿಗೆಯ ಮಫ್ಲರ್ ಬಿಗಿದು, ಕನ್ನಡಕ ಏರಿಸಿ ಪಾಠ ಶುರು ಮಾಡಿದರು.

"ಎಚ್ ಅಂದ್ರೆ ಗಟ್ಟಿ, ತೆಳು ಗೆರೆ. ಬಿ ಅಂದ್ರೆ ಮೆತ್ತಗೆ, ಕಪ್ಪು. ನಂಬರ್ ಏರಿದ ಹಾಗೆ ಇನ್ನೂ ಕಪ್ಪು. ಒಂದು ಎಚ್‌ಬಿ, ಒಂದು ಟೂ ಬಿ, ಒಂದು ಸಣ್ಣ ಪುಸ್ತಕ ತಗೋ. ಬೇಕಾದಷ್ಟಾಯ್ತು."

"ಎಚ್‌ಬಿ ಕಂದಮ್ಮಗಳಿಗೆ. ಅವರದ್ದು ಫೋರ್ ಬಿ. ನನಗೆ ಏಯ್ಟ್ ಬಿ ಕೊಡಿ!"

"ಅದು ಕಾಡಿಗೆ ಕಣೇ! ಮುಟ್ಟಿದರೆ ಮೆತ್ತಿಕೊಳ್ಳತ್ತೆ. ಮೊದಲ ಗೆರೆ ಯಾವುದರಲ್ಲಿ ಎಳೀತೀಯ?"

"ಧೈರ್ಯದಲ್ಲಿ!"

ಪಂಕಜಮ್ಮ ಪುಸ್ತಕವನ್ನೂ ಹಾಗೇ ಆರಿಸಿದರು. ಕೋಳಿಯಿದ್ದ ಹಾಳೆಗಿಂತ ದೊಡ್ಡದು, ಅದಕ್ಕಿಂತ ದೊಡ್ಡದು ಅನ್ನುತ್ತಾ ಕೊನೆಗೆ ಹಪ್ಪಳ ಒಣಗಿಸುವಷ್ಟು ಅಗಲದ್ದು ತೆಗೆದುಕೊಂಡರು. ಬೂದು ರಬ್ಬರಿನಲ್ಲಿ ಮಾತ್ರ ಬೀಗಿತ್ತಿಯನ್ನು ಮೀರಿಸುವುದು ಆಗಲಿಲ್ಲ, ಒಂದೇ ಅಳತೆಯಲ್ಲಿತ್ತು. ಮನೆಗೆ ಬಂದು ಅದರ ಕವರ್ ಬಿಸಾಕಿ, ಹಿಟ್ಟಿನಂತೆ ನಾದಬಹುದಾದ ಆ ಮೆತ್ತನೆಯ ಮುದ್ದೆಯನ್ನು ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿಟ್ಟರು. ಅವರ ಸಂಸಾರದಲ್ಲಿ ಸ್ಟೀಲ್ ಡಬ್ಬಿ ಸೇರದ ವಸ್ತುವೇ ಇಲ್ಲ. ಅದೇ ಜೊತೆಯ ಇನ್ನೊಂದು ಡಬ್ಬಿಯಲ್ಲಿ ಗಟ್ಟಿ ಇಂಗಿನ ಮುದ್ದೆ ಇತ್ತು!

ಭಾನುವಾರ ಬಂತು. ಒಲೆಯ ಮೇಲೆ ಸಾರು, ಪಕ್ಕದ ಕಟ್ಟೆಯ ಮೇಲೆ ಪಂಕಜಮ್ಮ ಬರೆಯುತ್ತಿದ್ದ ಗಾರ್ಗಿಯ ಮುಖಚಿತ್ರ. ಎರಡೂ ಒಟ್ಟಿಗೆ ಕುದಿಯುತ್ತಿದ್ದವು. ಕಣ್ಣು ಬಂತು, ಮೂಗು ಬಂತು, ಕೆನ್ನೆಯ ಗುಳಿ ಬಂತು. ಆದರೆ ಏಯ್ಟ್ ಬಿ ತನ್ನ ಗುಣ ಬಿಡಲಿಲ್ಲ. ಎರಡು ಜಡೆ ಎರಡು ಹೆಬ್ಬಾವಾದವು. ಅಂಗೈ ತಾಗಿದ ಕಡೆಯೆಲ್ಲ ಮಸಿ! ಮೂಗಿನ ಕೆಳಗೆ ಒಂದಿಷ್ಟು ಹರಡಿದ್ದನ್ನು ಅಳಿಸೋಣವೆಂದು ಡಬ್ಬಿಗೆ ಕೈ ಹಾಕಿದರು. ಅಷ್ಟರಲ್ಲಿ ಸಾರು ಉಕ್ಕಿತು. ಕನ್ನಡಕಕ್ಕೆ ಹಬೆ ಕವಿಯಿತು. ಒಂದು ಡಬ್ಬಿಯಿಂದ ಚಿವುಟಿ ಸಾರಿಗೆ ಎಸೆದರು. ಇನ್ನೊಂದು ಡಬ್ಬಿಯ ಮುದ್ದೆ ಹಿಡಿದು ಗಾರ್ಗಿಯ ಮೂಗಿನ ಕೆಳಗೆ ತಿಕ್ಕಿದರು. ಹೋಗಲಿಲ್ಲ. ಇನ್ನಷ್ಟು ತಿಕ್ಕಿದರು. ಹಬೆ ಆರಿದ ಮೇಲೆ ನೋಡಿದರೆ ಮೊಮ್ಮಗಳಿಗೆ ಕಂದು ಬಣ್ಣದ ಭರ್ಜರಿ ಮೀಸೆ! ಇಡೀ ಹಾಳೆ ಘಮ್ಮೆನ್ನುತ್ತಿದೆ!

ಇಂಗು ಇಲ್ಲಿದ್ದರೆ ಸಾರಿನಲ್ಲಿರುವುದೇನು? ಸೌಟು ಹಾಕಿ ಹುಡುಕುವಷ್ಟರಲ್ಲಿ ಹೊರಗೆ ಕಾರಿನ ಸದ್ದು: ವಾರದ ಭೇಟಿಗೆ ಶೈಲಮ್ಮ ಬಂದರು! ಚಿತ್ರವನ್ನು ಟೇಬಲ್ ಕ್ಲಾತಿನ ಕೆಳಗೆ ತುರುಕಿದರು. "ಹಸಿವು!" ಎನ್ನುತ್ತಾ ಸುಪ್ರಿಯಾ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಹೋದಳು.

ಪಂಕಜಮ್ಮ ಕಂಡ ದೇವರಿಗೆಲ್ಲ ಒಂದೇ ಮೊರೆಯಿಟ್ಟರು: ಯಾರ ತಟ್ಟೆಗೆ ಬೇಕಾದರೂ ಬೀಳಲಿ, ಅವರೊಬ್ಬರ ತಟ್ಟೆಗೆ ಬೇಡ!

"ಬೀಗತೇರ, ಸಾರು ಭಾಳ ಛಲೋ ಆಗೇದ ನೋಡ್ರಿ," ಎಂದರು ಶೈಲಮ್ಮ. "ಆದ್ರ ಇದೇನ್ರೀ, ಎಷ್ಟು ಅಗದ್ರೂ ಮುಗೀವಲ್ತು!"

ಬಾಯಿಂದ ತೆಗೆದು ಬೆರಳಲ್ಲಿ ಹಿಡಿದರು. ಬೆರಳು ತಾನಾಗಿಯೇ ಅದನ್ನು ನಾದಿತು, ಎಳೆಯಿತು. ಶೈಲಮ್ಮನ ಕಣ್ಣು ಅರಳಿತು.

"ಅಯ್ಯ, ಇದು ನನ್ನ ರಬ್ಬರ್ ಇದ್ದಂಗ ಅದ ಅಲ್ರೀ!"

ಶಂಕರನಾರಾಯಣ ಕೆಮ್ಮಿದರು. ಗಾರ್ಗಿ ಮಾತ್ರ ಕುಣಿದಳು. "ಅಜ್ಜಿ! ಆರ್ ಯು ಡ್ರಾಯಿಂಗ್ ಟೂ? ವೇರ್ ಈಸ್ ಇಟ್?" ಉಬ್ಬಿದ್ದ ಟೇಬಲ್ ಕ್ಲಾತ್ ಅವಳ ಕಣ್ಣು ತಪ್ಪಿಸೀತೆ? ಹಾಳೆ ಹೊರಬಂತು.

"ಓ ಮೈ ಗಾಡ್! ಇಟ್ಸ್ ತಾತ! ಲುಕ್, ಹಿಸ್ ಮೀಸೆ! ಅಂಡ್ ಹಿಸ್ ಮಫ್ಲರ್!"

ಹೆಬ್ಬಾವಿನಂಥ ಜಡೆಗಳು ಮಫ್ಲರ್ ಆಗಿಹೋದವು! ಪಂಕಜಮ್ಮ "ಅದು..." ಎಂದು ಬಾಯಿ ತೆರೆದರು. ಶಂಕರನಾರಾಯಣ ಎದ್ದು ಬಂದು ಹಾಳೆಯ ಮುಂದೆ ನಿಂತಿದ್ದರು. ಮೀಸೆ ತಿರುವಿಕೊಂಡರು.

"ಇಷ್ಟು ವರ್ಷದಲ್ಲಿ ನೀನು ನನ್ನ ಮುಖ ನೆಟ್ಟಗೆ ನೋಡೇ ಇಲ್ಲ ಅಂದ್ಕೊಂಡಿದ್ದೆ ಕಣೇ. ನೋಡಿದ್ದೀಯ!"

ಪಂಕಜಮ್ಮ ತೆರೆದ ಬಾಯಿ ಮುಚ್ಚಿದರು. ಚಿತ್ರ ಫ್ರಿಜ್ ಏರಿತು. ಅಷ್ಟಗಲದ ಹಾಳೆಯಲ್ಲವೇ, ಕೋಳಿಯ ಕೊಕ್ಕು ಮಾತ್ರ ಹೊರಗುಳಿಯಿತು. ಪ್ರತಿಜ್ಞೆ ನೆರವೇರಿತು! ಆದರೂ ಸಿಂಕ್ ಮುಂದೆ ನಿಂತು ಪಾತ್ರೆ ಉಜ್ಜುವಾಗ ಅವರ ಮುಖ ಹುಳಿ ತಿಂದಂತಿತ್ತು. ಬಟ್ಟೆ ಹಿಡಿದು ಪಕ್ಕಕ್ಕೆ ಬಂದ ಶೈಲಮ್ಮ ಪಿಸುಗುಟ್ಟಿದರು.

"ಅದು ನಮ್ಮ ಗಾರ್ಗಿ ಅಲ್ಲೇನ್ರೀ?"

ಪಂಕಜಮ್ಮ ಸರ್ರನೆ ತಿರುಗಿದರು. "ನಿಮಗೆ... ಹೇಗೆ ಗೊತ್ತಾಯ್ತು?"

"ಗಲ್ಲದಾಗಿನ ಕುಣಿ ಸಾಕಲ್ರೀ! ನನ್ನ ಕೈಯಾಗ ಅದು ಬರವಲ್ದು. ಎಷ್ಟು ಹಾಳಿ ಹರದೀನಿ! ಕಡೀಕ ಬ್ಯಾಸತ್ತು ಕೋಳಿ ಬರದೆ. ಮೀಸಿ ವಿಷಯ ಬೀಗರಿಗೆ ಹೇಳಬ್ಯಾಡ್ರಿ, ಪಾಪ, ಖುಷಿಯೊಳಗ ಅದಾರ. ಮತ್ತ ಒಂದು ಎಚ್‌ಬಿ ತರಸ್ರಿ."

ಪಂಕಜಮ್ಮ ನಲ್ಲಿ ನಿಲ್ಲಿಸಿದರು. ಕೇಳಲೊಲ್ಲೆ ಎಂದು ವಾರದಿಂದ ಹಟ ಹಿಡಿದಿದ್ದವರು ಕೊನೆಗೂ ಕೇಳಿಯೇಬಿಟ್ಟರು.

"ಶೈಲಮ್ಮನವರೇ, ಆ ರಬ್ಬರನ್ನ ನೀವು ಎಲ್ಲಿ ಇಡ್ತೀರಿ?"

"ಎಲ್ಲೆ ಬೇಕಾದಲ್ಲೆ ಇಡ್ರಿ," ಲೋಟ ಒರೆಸುತ್ತಾ ಶೈಲಮ್ಮ ಅಂದರು. "ಬೀಗತಿ ಬಾಯಾಗ ಒಂದು ಬಿಟ್ಟು!"

ಪಂಕಜಮ್ಮ ಸಾರಿನ ಪಾತ್ರೆ ಬೋರಲು ಹಾಕಿ, ತಳಕ್ಕೆ ಕಚ್ಚಿದ್ದ ಬೂದು ಚೂರನ್ನು ಉಗುರಿನಿಂದ ಕೆರೆಯತೊಡಗಿದರು.