ಸೆಂಟರ್ ಹುಡುಗನೂ ಟವೆಲ್ಲಿನ ಕೆಳಗಿನ ಕೈಯೂ

ಕಲ್ಲಂಗಡಿ ಹಣ್ಣನ್ನು ಬೆರಳಿನಿಂದ ಬಡಿದು ನೋಡಿ ಒಳಗೆ ಕೆಂಪಗಿದೆಯೋ ಬೆಳ್ಳಗಿದೆಯೋ ಎಂದು ಹೇಳಿಬಿಡುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಭಯಭಕ್ತಿ. ನಾನೂ ಬಡಿಯುತ್ತೇನೆ. ಹಣ್ಣು ‘ಡಬ್’ ಎನ್ನುತ್ತದೆ. ಅದು ಒಳ್ಳೆಯ ಡಬ್ಬೋ ಕೆಟ್ಟ ಡಬ್ಬೋ ನನಗಂತೂ ತಿಳಿಯುವುದಿಲ್ಲ. ಆದರೂ ಸುತ್ತಮುತ್ತಲಿನವರು ನೋಡುತ್ತಿರುತ್ತಾರಲ್ಲ ಎಂದು ಎಲ್ಲ ತಿಳಿದವನಂತೆ ತಲೆಯಾಡಿಸಿ ಒಂದನ್ನು ಹೊತ್ತು ತರುತ್ತೇನೆ. ಮನೆಯಲ್ಲಿ ಕೊಯ್ದರೆ ಸೌತೆಕಾಯಿಯ ಹಾಗೆ ಬೆಳ್ಳಗೆ. ನಾನು ಆರಿಸಿದ ಬದನೆಕಾಯಿಯಲ್ಲಿ ಹುಳ ಸಂಸಾರ ಹೂಡಿರುತ್ತದೆ, ನಾನು ಆರಿಸಿದ ತೆಂಗಿನಕಾಯಿ ದೇವರ ಮುಂದೆಯೇ ಕೊಳೆತಿರುತ್ತದೆ. ಈಗೀಗ ನನ್ನ ಹೆಂಡತಿ ಸಂತೆಗೆ ನನ್ನನ್ನು ಚೀಲ ಹಿಡಿಯಲಿಕ್ಕೆ ಮಾತ್ರ ಕರೆದೊಯ್ಯುತ್ತಾಳೆ. “ನೀವ ಏನೂ ಮುಟ್ಟಬ್ಯಾಡ್ರಿ, ಸುಮ್ನ ನಿಂದರ್ರಿ” ಎನ್ನುತ್ತಾಳೆ. ಇಂಥವನ ಪಾಲಿಗೆ ಒಬ್ಬ ಮನುಷ್ಯ ಮುಂದೆ ಏನಾಗುತ್ತಾನೆ ಎಂದು ಹೇಳುವ ಕೆಲಸ ಬಂತು. ಅದೂ ಆರಡಿ ಒಂಬತ್ತು ಇಂಚಿನ ಮನುಷ್ಯ.

ಆದದ್ದು ಹೀಗೆ. ನನ್ನ ಅಣ್ಣ ಯರಗುಪ್ಪಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಒಬ್ಬಳೇ ಮಗಳು ಸುಧಾ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್. ಅಂದರೆ ಜನರ ಕೈಕಾಲು ಎಳೆದು, ಮಡಚಿ, ಅವರನ್ನು ಅಳಿಸಿ ವಾಸಿ ಮಾಡುವವಳು. ಎರಡು ವರ್ಷದ ಹಿಂದೆ ಅವಳು ತಾಯಿಗೆ ಫೋನು ಮಾಡಿ, ತಾನೊಬ್ಬ ಹುಡುಗನನ್ನು ಮೆಚ್ಚಿದ್ದೇನೆ, ಹೆಸರು ವೀರೇಶ, ಕಲಘಟಗಿ ಕಡೆಯವನು, “ಸೆಂಟರ್ ಅದಾನ” ಎಂದಳು. ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಅಷ್ಟೇ ಸಾಕಾಯಿತು. ನಮ್ಮ ಕಡೆ ವರಗಳಲ್ಲಿ ಮೇಲುಕೆಳಗಿದೆ. ರಾಜ್ಯ ಸರಕಾರದ ನೌಕರಿಯವನು ಬಂದರೆ ಚಹಾ, ಕೇಂದ್ರದವನು ಬಂದರೆ ಹೋಳಿಗೆ. ಸಂಜೆಯೊಳಗೆ ವೈನಿ ಓಣಿಯಲ್ಲೆಲ್ಲ ಸಾರಿಬಿಟ್ಟರು: “ನಮ್ಮ ಸುಧಾ ತಾನ ವರಾ ನೋಡ್ಯಾಳ್ರಿ. ಸೆಂಟ್ರಲ್‌ನ್ಯಾಗ ಅದಾನಂತ!”

ಎದುರುಮನೆಯ ಗಂಗವ್ವ, “ರೈಲ್ವೇನೋ, ಪೋಸ್ಟೋ?” ಎಂದು ಕೇಳಿದ್ದಕ್ಕೆ ವೈನಿ ಮತ್ತೆ ಮಗಳಿಗೆ ಫೋನು ಹಚ್ಚಿ, “ಯಾವ ಇಲಾಖಾದಾಗ ಅದಾನವಾ?” ಎಂದರು.

“ಇಲಾಖಾ ಎಲ್ಲೀದ ಬೇ! ಬಾಸ್ಕೆಟ್‌ಬಾಲ್ ಆಡ್ತಾನ. ಅದರಾಗ ಎಲ್ಲಾರಿಗಿಂತಾ ಎತ್ತರ ಇದ್ದಾಂವ ಬುಟ್ಟಿ ಕೆಳಗ ನಿಂದರತಾನ ನೋಡು, ಅವಗ ಸೆಂಟರ್ ಅಂತಾರ.”

ವೈನಿ ಅಂದೇ ನನಗೆ ಫೋನು ಹಚ್ಚಿದರು. “ಬುಟ್ಟಿ ಕೆಳಗ ನಿಂದರೂದಕ್ಕ ಪಗಾರ ಕೊಡ್ತಾರೇನ್ರಿ?” ಎಂದರು. ಕೊಡುತ್ತಾರೆ, ದೊಡ್ಡ ಊರಿನ ತಂಡದ ಜೊತೆ ಅವನ ಕಾಂಟ್ರಾಕ್ಟ್ ಇರುತ್ತದೆ ಎಂದು ನಾನು ವಿವರಿಸಿದೆ. ಫೋನಿಗೆ ಕಿವಿಯೊಡ್ಡಿ ನಿಂತಿದ್ದ ಅಣ್ಣ ಅರ್ಧ ಕೇಳಿಸಿಕೊಂಡು, “ಕಾಂಟ್ರಾಕ್ಟರ್ ಆದ್ರ ಚಲೋನ ಆತಲ್ಲ, ರಸ್ತೆದೋ ಕಟ್ಟಡದ್ದೋ?” ಎಂದ. ಅದನ್ನೂ ಬಿಡಿಸಿ ಹೇಳಬೇಕಾಯಿತು. ಆಮೇಲೆ ಅಣ್ಣ ಗಂಭೀರವಾಗಿ ನನ್ನ ಕೊರಳಿಗೆ ಗಂಟೆ ಕಟ್ಟಿದ: “ನೋಡೋ ತಮ್ಮಾ, ನೀ ಕಾಲೇಜಿನ್ಯಾಗ ಅದನ್ನ ಆಡಿದಾಂವ. ಆ ಹುಡುಗ್ಗ ಮುಂದ ದಾರಿ ಐತೋ ಇಲ್ಲೋ ನೋಡಿ ಹೇಳು. ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ.”

‘ಆಡಿದಾಂವ’ ಎಂಬ ಮಾತಿಗೆ ಒಂದೇ ಆಧಾರ, ಅಣ್ಣನ ಪಡಸಾಲೆಯಲ್ಲಿ ಹಿರಿಯರ ಫೋಟೋಗಳ ಸಾಲಿನಲ್ಲಿ ತೂಗುಹಾಕಿರುವ ನಮ್ಮ ಕಾಲೇಜಿನ ತಂಡದ ಚಿತ್ರ. ಅದರಲ್ಲಿ ನಾನು ನಟ್ಟನಡುವೆ ಚೆಂಡು ಹಿಡಿದು ಕೂತಿದ್ದೇನೆ. ನಡುವೆ ಕೂರಬೇಕಾದ ಹುಡುಗನಿಗೆ ಆ ವಾರ ಕಾಮಾಲೆಯಾಗಿತ್ತು, ಅವನ ಅಂಗಿ ನನಗೆ ಸರಿಹೋಗುತ್ತಿತ್ತು, ಫೋಟೋದವನು ಅವಸರ ಮಾಡುತ್ತಿದ್ದ. ಚೆಂಡಿಗೂ ನನಗೂ ಆದ ಮುಖ್ಯ ಸಂಬಂಧ ಅದೇ. ಈಗ ನಾನು ತಾಲೂಕಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ನಾನೇ ಆಟಗಾರ ಎಂಬ ನಂಬಿಕೆ ಮಾತ್ರ ಗೋಡೆಯ ಮೇಲೆ ಗಟ್ಟಿಯಾಗಿ ಮೊಳೆ ಹೊಡೆದುಕೊಂಡು ಕೂತಿದೆ.

ಮರುದಿನ ಸುಧಾ ಫೋನು ಮಾಡಿದಳು. “ಕಾಕಾ, ಅಪ್ಪ ನಿನ್ನ ಮಾತ ಕೇಳ್ತಾನಂತ. ನಾ ಬ್ಯಾರೆ ಯಾರನ್ನೂ ಮಾಡ್ಕೊಳ್ಳೂದಿಲ್ಲ. ಆದ್ರ ಅಪ್ಪ ಒಲ್ಲೆ ಅಂದ್ರ ಓಡಿ ಹೋಗಾಕಿನೂ ಅಲ್ಲ. ನೀ ವಿಚಾರ ಮಾಡಿ ಹೇಳು” ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಎರಡೂ ಮಾಡಲಿಲ್ಲ. ಚಿಕ್ಕವಳಿದ್ದಾಗ ನಾನೇ ಹೆಗಲ ಮೇಲೆ ಹೊತ್ತು ತಿರುಗಿಸಿದ ಹುಡುಗಿ. ಒಲ್ಲೆ ಎಂದರೆ ಅವಳ ಬದುಕು ಕೆಡುತ್ತದೆ, ಹೂಂ ಎಂದು ಹುಡುಗ ಬೆಳ್ಳಗಿನ ಕಲ್ಲಂಗಡಿಯಾದರೆ ಅಣ್ಣನ ಮುಂದೆ ಮುಖ ಎತ್ತುವ ಹಾಗಿಲ್ಲ.

ಆದ್ದರಿಂದ ಅಭ್ಯಾಸಕ್ಕೆ ಕೂತೆ. ಮೊಬೈಲಿನಲ್ಲಿ ವೀರೇಶ ಆಡಿದ ಪಂದ್ಯಗಳನ್ನು ಹುಡುಕಿ ನೋಡಿದೆ. ಹೆಚ್ಚಿನ ಹೊತ್ತು ಅವನು ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತಿರುತ್ತಿದ್ದ. ನಡುವೆ ಒಮ್ಮೆ ಒಳಗೆ ಬಿಡುತ್ತಿದ್ದರು. ಬಂದವನು ಎತ್ತರದಲ್ಲಿ ಎರಡು ಚೆಂಡು ಕಿತ್ತುಕೊಂಡು, ಒಂದನ್ನು ಬುಟ್ಟಿಗೆ ಹಾಕಿ, ಇನ್ನೊಂದನ್ನು ಎದುರಾಳಿಯ ಕೈಗೇ ಕೊಟ್ಟು, ಮತ್ತೆ ಬೆಂಚಿಗೆ ಹೋಗುತ್ತಿದ್ದ. ಆ ವೀಡಿಯೋಗಳ ಕೆಳಗೆ ಆಟದ ಪಂಡಿತರು ಬರೆದದ್ದನ್ನು ಓದಿದೆ. ಒಬ್ಬ ಇವನು ಚಿನ್ನ ಎಂದರೆ ಇನ್ನೊಬ್ಬ ಕಟ್ಟಿಗೆ ಎನ್ನುತ್ತಾನೆ. ಕೈ ಮೃದು, ಕಾಲು ಭಾರ, ಎದೆ ಇನ್ನೂ ತುಂಬಬೇಕು, ಎಳೆಯ, ಕಾಯಬೇಕು. ಓದುತ್ತ ಹೋದಂತೆ ಈ ಭಾಷೆಯನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ನಮ್ಮಪ್ಪ ದನದ ಪೇಟೆಯಲ್ಲಿ ಎರಡು ಹಲ್ಲಿನ ಹೋರಿಯ ಸುತ್ತ ತಿರುಗುತ್ತ ಆಡುತ್ತಿದ್ದ ಮಾತೇ ಇದು. ಹೋರಿಗಾದರೆ ಬಾಯಿ ಬಿಡಿಸಿ ಹಲ್ಲು ನೋಡಬಹುದು, ಇವನ ಬಾಯಿ ಬಿಡಿಸುವವರು ಯಾರು?

ಎಲ್ಲ ಪಂಡಿತರೂ ಕೊನೆಗೆ ಒಂದು ಮಾತಿಗೆ ಬಂದು ನಿಲ್ಲುತ್ತಿದ್ದರು: ಹುಡುಗನಲ್ಲಿ ಪೊಟೆನ್ಶಿಯಲ್ ಇದೆ. ನನಗೆ ಜೀವ ಬಂದಂತಾಯಿತು, ಏಕೆಂದರೆ ಅದು ನನ್ನ ಪಾಠದ ಮಾತು. ವಸ್ತು ಎಷ್ಟು ಎತ್ತರದಲ್ಲಿದೆಯೋ ಅಷ್ಟು ಸ್ಥಿತಿಶಕ್ತಿ ಎಂದು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಆ ಲೆಕ್ಕದಲ್ಲಿ ವೀರೇಶನನ್ನು ಸರಿಗಟ್ಟುವವರು ತಾಲೂಕಿನಲ್ಲೇ ಇಲ್ಲ. ಆದರೆ ಆಮೇಲೆ ಪಾಠದ ಮುಂದಿನ ಸಾಲು ನೆನಪಾಯಿತು. ಆ ಶಕ್ತಿ ಹೊರಗೆ ಬರಬೇಕಾದರೆ ವಸ್ತು ಕೆಳಗೆ ಬೀಳಬೇಕು. ಮೊಬೈಲು ಮುಚ್ಚಿಟ್ಟೆ.

ಒಂದು ರವಿವಾರ ವೀರೇಶ ತಂದೆಯೊಡನೆ ಯರಗುಪ್ಪಿಗೆ ಬಂದ. ಅಣ್ಣನ ಮನೆಯ ತಲೆಬಾಗಿಲು ಹಳೆಯದು, ನಮ್ಮಂಥವರೇ ಕತ್ತು ತಗ್ಗಿಸಿ ಬರಬೇಕು. ಅವನು ನಡು ಮಡಚಿ, ಮೊಣಕಾಲು ಬಗ್ಗಿಸಿ, ಕೈಮುಗಿದುಕೊಂಡೇ ಒಳಬಂದ. ಒಳಗಿದ್ದ ಗಂಗವ್ವ, “ಎಷ್ಟ ವಿನಯ ನೋಡವಾ, ಹೊಸ್ತಿಲಕ್ಕ ಹಣಿ ಹಚ್ಚಿದಾ!” ಎಂದು ಉದ್ಗರಿಸಿದಳು. ಬಾಗದೆ ಬೇರೆ ದಾರಿ ಇರಲಿಲ್ಲ ಎಂದು ಹೇಳಲು ನಾನು ಹೋಗಲಿಲ್ಲ. ಅವನ ತಂದೆ ಗದ್ದೆಯ ಕೆಲಸದ, ನಗುಮುಖದ ಮನುಷ್ಯ. “ಏನ ಹೇಳೂದ್ರಿ, ವರ್ಷ ತುಂಬೂದ್ರೊಳಗ ಇವನ ಕಾಲು ತೊಟ್ಟಿಲದ ಹೊರಗ ಬಂದೂವು. ಬಾಗಲಾ ಎತ್ತರ ಮಾಡಿಸಿ ಮಾಡಿಸಿ ಸಾಕಾತು” ಎಂದರು. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಅವನು ಹುಡುಗನ ಕಾಲನ್ನೇ ನೋಡುತ್ತಿದ್ದ. ಆಮೇಲೆ ಯಾವ ಸಂಕೋಚವೂ ಇಲ್ಲದೆ, “ಹಂಗ ಅಂಗಳದ ತನಕಾ ಒಂದೀಟ ಅಡ್ಡಾಡಿ ಬರ್ರಿ ನೋಡೂಣು” ಎಂದುಬಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಸುಧಾ ಹಣೆ ಚಚ್ಚಿಕೊಂಡಳು. ವೀರೇಶ ಮಾತ್ರ ಎದ್ದು ಅಂಗಳದವರೆಗೆ ಹೋಗಿ ಬಂದು ಕೂತ. ಅವನಿಗೆ ಇದು ಹೊಸದಲ್ಲ, ಎಲ್ಲ ತಂಡದವರೂ ಮೊದಲು ನಡೆಸಿಯೇ ನೋಡುತ್ತಾರಂತೆ.

ಅವಲಕ್ಕಿ, ಚಹಾ ಆದವು. ಅಣ್ಣ ನನ್ನತ್ತ ಕಣ್ಣು ಮಾಡಿದ, ಅಂದರೆ ಪರೀಕ್ಷೆ ಶುರು ಮಾಡು ಎಂದು. ನಾನು ಗಂಟಲು ಸರಿಪಡಿಸಿಕೊಂಡು, ಬುಟ್ಟಿಗೆ ಬಡಿದು ಪುಟಿದ ಚೆಂಡು ಹಿಡಿಯುವ ರಿಬೌಂಡಿನ ಬಗ್ಗೆ ಓದಿಕೊಂಡು ಹೋಗಿದ್ದ ಪ್ರಶ್ನೆಗಳನ್ನೆಲ್ಲ ಮರೆತು, “ಮತ್ತ, ಮುಂದ ಏನ ಆಗತೀರಿ?” ಎಂದು ಕೇಳಿದೆ.

ವೀರೇಶ ಸ್ವಲ್ಪ ಯೋಚಿಸಿದ. “ಗೊತ್ತಿಲ್ರಿ ಸರ್. ಕೋಚ್ ಇನ್ನೊಂದ ಸೀಜನ್ ನೋಡೂಣು ಅಂತಾರ. ಮೊಣಕಾಲು ಒಮ್ಮೆ ಕೈ ಕೊಟ್ಟಿತ್ರಿ, ಸುಧಾ ಅವರ ಅದನ್ನ ರಿಪೇರಿ ಮಾಡಿದ್ರು. ಆಡಾಕ ಬಂದಷ್ಟ ದಿವಸ ಆಡತೀನಿ. ಬರಲಿಲ್ಲಂದ್ರ ನಮ್ಮಪ್ಪನ ಗದ್ದಿ ಐತ್ರಿ, ಹುಡುಗೂರಿಗೆ ಆಟ ಕಲಸೂದೂ ಐತಿ.”

ಇದೇನು ಉತ್ತರ! ನಾನು ಇನ್ನಷ್ಟು ಬೆವೆತೆ. ಅಷ್ಟರಲ್ಲಿ ಅಣ್ಣ ಜಮಖಾನದ ಮೇಲೆ ನನ್ನ ಮಗ್ಗುಲಿಗೆ ಸರಿದು, ಹೆಗಲ ಟವೆಲ್ಲನ್ನು ತೆಗೆದು ನಮ್ಮಿಬ್ಬರ ತೊಡೆಯ ಮೇಲೆ ಹರವಿ, ಅದರ ಕೆಳಗೆ ನನ್ನ ಕೈ ಹಿಡಿದ. ದನದ ಪೇಟೆ ನೋಡಿದವರಿಗೆ ಇದು ಗೊತ್ತು. ಅಲ್ಲಿ ವ್ಯವಹಾರವನ್ನು ಬಾಯಲ್ಲಿ ಆಡುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಆಡುತ್ತಾರೆ, ಸುತ್ತ ನಿಂತವರಿಗೆ ಸುಳಿವು ಹತ್ತುವುದಿಲ್ಲ. ಅಣ್ಣ ಅಪ್ಪನ ಜೊತೆ ಪೇಟೆಗೆ ಹೋಗಿ ಅದನ್ನು ಕಲಿತ. ನಾನು ಸಾಲೆಗೆ ಹೋಗಿ ಸ್ಥಿತಿಶಕ್ತಿ ಕಲಿತೆ. ಈಗ ಅವನು ನನ್ನ ಒಂದು ಬೆರಳು ಒತ್ತಿದ. ಆಮೇಲೆ ಎರಡು ಬೆರಳು ಕೂಡಿಸಿ ಹಿಡಿದ. ಆಮೇಲೆ ಅಂಗೈಯಲ್ಲಿ ಏನೋ ಗೀರಿದ. ಮುಖ ಮಾತ್ರ ಬೀಗರ ಕಡೆಗೆ, ಅಗದಿ ಶಾಂತ. ನನಗೋ ಒಂದಕ್ಷರ ತಿಳಿಯಲಿಲ್ಲ. ಕಾಲಾವಕಾಶ ಬೇಕು ಎನ್ನುವುದಕ್ಕೆ ಯಾವ ಬೆರಳು? ಅಡುಗೆಮನೆಯ ಬಾಗಿಲಿನಿಂದ ಸುಧಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಸರಿಯಾಗಿ ಆಗ ವೀರೇಶ ಕೈ ತೊಳೆಯಲೆಂದು ಎದ್ದ. ಅವನ ಹಿಂದೆಯೇ ಪಡಸಾಲೆಯ ಅಡ್ಡತೊಲೆ. ಅವನು ತಂದೆಯ ಕಡೆ ಮುಖ ಮಾಡಿ ಏನೋ ಹೇಳುತ್ತ ತಿರುಗಿದ. ತಲೆ ನೇರವಾಗಿ ತೊಲೆಗೆ ಹೋಗುತ್ತಿದ್ದದ್ದು ನನಗೊಬ್ಬನಿಗೇ ಕಂಡಿತು. ಗಾಬರಿಯಲ್ಲಿ ಅಣ್ಣನ ಕೈಯನ್ನು ಇಡಿಯಾಗಿ, ಐದೂ ಬೆರಳು ಸೇರಿಸಿ, ಬಲವಾಗಿ ಹಿಚುಕಿಬಿಟ್ಟೆ. ವೀರೇಶ ತೊಲೆಯ ಕಡೆ ನೋಡದೆಯೇ ಒಂದು ಗೇಣು ತಲೆ ತಗ್ಗಿಸಿ, ಮಾತು ನಿಲ್ಲಿಸದೆ, ಸಲೀಸಾಗಿ ಆಚೆ ದಾಟಿದ.

ಅಣ್ಣ ನನ್ನ ಕೈ ಬಿಟ್ಟ. ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. “ಆತ್ರಿ. ನಮ್ಮ ತಮ್ಮ ಹೂಂ ಅಂದ. ನಮ್ಮ ಕಡಿಂದ ಒಪ್ಪಿಗಿ” ಎಂದ. ಇಡೀ ಕೈ ಹಿಡಿದರೆ ಪೇಟೆಯಲ್ಲಿ ಮಾತು ಮುಗಿಯಿತು ಎಂದು ಅರ್ಥವಂತೆ. ವೈನಿ ಕಣ್ಣೊರೆಸಿಕೊಂಡರು, ಸುಧಾ ಓಡಿಬಂದು ನನ್ನ ಕಾಲು ಮುಟ್ಟಿದಳು. ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ, ಕಲ್ಲಂಗಡಿ ಅಂಗಡಿಯ ಮುಂದೆ ಆಡಿಸುವ ಹಾಗೆಯೇ.

ಅಲ್ಲಿಂದ ಮುಂದೆ ನನ್ನಷ್ಟು ನಿಷ್ಠೆಯಿಂದ ಆ ತಂಡದ ಆಟ ನೋಡಿದವರು ಇನ್ನೊಬ್ಬರಿರಲಾರರು. ವೀರೇಶ ಬೆಂಚಿನ ಮೇಲೆ ಕೂತರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಅಂಕಣಕ್ಕೆ ಇಳಿದರೆ ಇನ್ನೂ ಜೋರಾಗಿ. ಅವನು ಮೊಣಕಾಲು ನೀವಿಕೊಂಡರೆ ಇಲ್ಲಿ ನಾನು ನನ್ನ ಮೊಣಕಾಲು ನೀವಿಕೊಳ್ಳುತ್ತಿದ್ದೆ. ಮದುವೆಯ ಊಟದಲ್ಲೂ ಬಂದವರಿಗೆ ಬಡಿಸುತ್ತ, ಕಾಂಟ್ರಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಎಂದೇ ಯೋಚಿಸುತ್ತಿದ್ದೆ. ಕೊನೆಗೆ ಈ ವರ್ಷ ಅದು ಮುಂದುವರಿಯಿತು. ಅಷ್ಟೇ ಅಲ್ಲ, ಈಗ ಆಟ ಶುರುವಾಗುವಾಗಲೇ ಅವನನ್ನು ಇಳಿಸುತ್ತಾರೆ. ಸುದ್ದಿ ಕೇಳಿದ ದಿನ ನಾನು ಸುಮ್ಮನೆ ಹೋಗಿ ಹಾಸಿಗೆಯ ಮೇಲೆ ಮಲಗಿದೆ. ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದವರು ಹಾಗೆಯೇ ಮಲಗುತ್ತಾರೆ.

ಮೊನ್ನೆ ಅಣ್ಣ ನನ್ನನ್ನು ಕಲಘಟಗಿಗೆ ಕರೆದುಕೊಂಡು ಹೋದ. ಸುಧಾಳ ಹೆರಿಗೆ ಹತ್ತಿರ ಬಂದಿದೆ, ಅಲ್ಲಿಯ ಹೆಸರಾಂತ ಬಣ್ಣದ ತೊಟ್ಟಿಲಿಗೆ ಹೇಳಬೇಕಾಗಿತ್ತು. ತೊಟ್ಟಿಲು ಮಾಡುವವರು ಅಳತೆ ಕೇಳಿದಾಗ ಅಣ್ಣ, “ಒಂದೀಟ ಉದ್ದನ ಮಾಡ್ರಿ” ಎಂದಷ್ಟೇ ಹೇಳಿದ. ಹೊರಗೆ ಬಂದ ಮೇಲೆ ನನಗೆ ಸಂತೋಷ ತಡೆಯಲಾಗಲಿಲ್ಲ. “ನೋಡಿದ್ಯಾ ಅಣ್ಣಾ, ಅವತ್ತ ನಾ ಹೇಳಿದ್ದ ಖರೆ ಆತಿಲ್ಲೋ?” ಎಂದು ಎದೆಯುಬ್ಬಿಸಿದೆ.

“ನೀ ಏನ ಹೇಳಿದಿ?”

“ಟವೆಲ್ಲಿನ ಕೆಳಗ!”

ಅಣ್ಣ ರಸ್ತೆಯ ಮೇಲೆಯೇ ನಿಂತು ನಕ್ಕ. “ನಿನಗ ಬೆರಳಿನ ಮಾತ ಎಲ್ಲಿ ಬರತೈತಿ ಲೇ? ನನಗ ಗೊತ್ತಿಲ್ಲೇನು? ಆ ಹುಡುಗ ‘ಗೊತ್ತಿಲ್ರಿ’ ಅಂದ ನೋಡು, ಆವಾಗ್ಲೇ ನಂದು ಮುಗದಿತ್ತು. ದನದ ಪ್ಯಾಟ್ಯಾಗ ಹೋರಿ ಮಾರಾಕ ಬಂದಾಂವ ಯಾವನರ ಗೊತ್ತಿಲ್ಲ ಅಂದದ್ದ ಕೇಳಿಯೇನು? ಇಂಥಾಂವಗ ಚೆಂಡ ಬಿಟ್ಟರ ಗದ್ದಿ, ಗದ್ದಿ ಬಿಟ್ಟರ ಮತ್ತೊಂದ. ಮಗಳನ್ನ ಉಪವಾಸ ಕೆಡವೂದಿಲ್ಲ.”

“ಮತ್ತ ನನ್ನ ಕೈ ಯಾಕ ಹಿಡದಿ?”

“ನಾಳೆ ಏನರ ಹೆಚ್ಚು ಕಮ್ಮಿ ಆದ್ರ ನಿಮ್ಮ ವೈನಿ ಮುಂದ ಹೆಸರ ಹೇಳಾಕ ಒಬ್ಬಾಂವ ಬೇಕಲ್ಲೋ!”

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ನಾನು ಹಗುರವಾಗಿ, ಹೆಚ್ಚುಕಡಿಮೆ ಕುಣಿಯುತ್ತ ನಡೆದೆ. ಆ ಹುಡುಗಿಯ ಬದುಕು ನನ್ನ ಬೆರಳ ತುದಿಯಲ್ಲಿ ಎಂದೂ ಇರಲೇ ಇಲ್ಲ ಎಂಬುದಕ್ಕಿಂತ ಸುಖದ ಸುದ್ದಿ ನನಗೆ ಇನ್ನೇನಿದ್ದೀತು? ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣ ಕಲ್ಲಂಗಡಿ ರಾಶಿಯ ಮುಂದೆ ಕೂತು, ಒಂದೊಂದನ್ನೂ ಬಡಿದು, ಕಿವಿಗೊಟ್ಟು ಕೇಳಿ, ಒಂದನ್ನು ಆರಿಸಿ ನನ್ನ ಕೈಗೆ ಕೊಟ್ಟ. ಯರಗುಪ್ಪಿಯವರೆಗೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಮನೆಯಲ್ಲಿ ವೈನಿ ಅದನ್ನು ಕೊಯ್ದರು. ಸೌತೆಕಾಯಿಯ ಹಾಗೆ ಬೆಳ್ಳಗಿತ್ತು. “ಯಾರ್ರಿ ಇದನ್ನ ಆರಿಸಿದವರು?” ಎಂದು ಅವರು ಕುಡುಗೋಲು ಹಿಡಿದೇ ಕೇಳಿದರು. ಅಣ್ಣ ಕಣ್ಣು ಮಿಟುಕಿಸದೆ ನನ್ನತ್ತ ಬೆರಳು ತೋರಿಸಿದ. ಈ ಸಲ ಬೆರಳಿನ ಮಾತು ನನಗೆ ಪೂರ್ತಿ ಅರ್ಥವಾಯಿತು. “ಹೌದ್ರಿ ವೈನಿ, ನಾನ” ಎಂದೆ.