ಹನ್ನೆರಡು ತುಂಡಾದ ಕಾದಂಬರಿ

ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹಿಂದೂಪುರದ ನಮ್ಮ ಕನ್ನಡ ಶಾಲೆಯಲ್ಲಿ ಹೆಡ್‌ಮಾಸ್ಟರ ಕೋಣೆ. ಹಾಜರಿದ್ದವರು: ಹೆಡ್‌ಮಾಸ್ಟರು, ಒಂಬತ್ತನೇ ತರಗತಿಗೆ ಕನ್ನಡ ಹೇಳುವ ನಾನು, ಮೇಜಿನ ಮೇಲೆ ಲೈಬ್ರರಿಯ ಕಾದಂಬರಿಯೊಂದರ ಖಾಲಿ ರಟ್ಟು. ಒಳಗಿದ್ದುದನ್ನು ಹನ್ನೆರಡು ತುಂಡು ಮಾಡಿದವಳು ನಾನೇ. ರಟ್ಟನ್ನು ಮಾತ್ರ ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟಿದ್ದೆ, ಶಿಸ್ತು ಬಿಡಲಾಗುವುದಿಲ್ಲ. ಪುಟದ ಮೂಲೆ ಮಡಿಸಿದ ಮಕ್ಕಳನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳೂ ನಾನೇ.

ಕಾರಣವಿತ್ತು. ಕತೆಯಲ್ಲಿ ಭೂಮಿ ಬಿಸಿಯೇರಿ ಸಮುದ್ರ ಉಕ್ಕುತ್ತದೆ. ದ್ವೀಪದ ಹುಡುಗಿಯೊಬ್ಬಳು ಊರು ಬಿಟ್ಟು ಗುರುತಿಲ್ಲದವರ ಬಾಗಿಲು ತಟ್ಟುತ್ತಾಳೆ. ಪುಸ್ತಕ ಒಂದು, ಮಕ್ಕಳು ನಲವತ್ತು. ನಾನು ಓದಿ ಹೇಳಿದರೆ ಐದನೇ ನಿಮಿಷಕ್ಕೆ ಅರ್ಧ ಕ್ಲಾಸು ತೂಕಡಿಸುತ್ತದೆ; ನನ್ನ ದನಿಯ ಈ ಗುಣವನ್ನು ನಮ್ಮ ಮನೆಯವರೂ ಒಪ್ಪಿದ್ದಾರೆ. ಹಾಗಾಗಿ ಅಡಿಕೋಲು ಇಟ್ಟು, ಬ್ಲೇಡು ಹಿಡಿದು, ಅಧ್ಯಾಯಕ್ಕೊಂದು ತುಂಡು ಮಾಡಿ ಹಂಚಿದೆ. ಐದನೆಯದು ಸಿಕ್ಕವನಿಗೆ ನಾಲ್ಕರ ಕತೆ ಬೇಕಲ್ಲ? ಅದುವರೆಗೆ ಒಂದೇ ಬೆಂಚಿನಲ್ಲಿ ಕೂರದ ನೇಕಾರರ ಬೀದಿಯ ಮಕ್ಕಳೂ ಲೇಪಾಕ್ಷಿ ಬಸ್ಸಿನ ಮಕ್ಕಳೂ ಒಬ್ಬರ ಮನೆಗೊಬ್ಬರು ಹೋಗತೊಡಗಿದರು. "ಜೋರಾಗಿ ಓದ್ಲಾ, ಮಗ್ಗದ ಸದ್ದಿಗೆ ಕೇಳ್ತಿಲ್ಲ" ಎಂದು ಒಬ್ಬ ನೇಕಾರ ಮಗ್ಗವನ್ನೇ ನಿಲ್ಲಿಸಿದನಂತೆ.

"ಸೋಮವಾರ ಲೈಬ್ರರಿ ತನಿಖೆ, ಮೇಡಂ! ಸಿಲಬಸ್ಸಿನಲ್ಲೂ ಇಲ್ಲದ ಪುಸ್ತಕ. ನಾಲ್ಕೂವರೆಗೆ ಹನ್ನೆರಡೂ ತುಂಡು ಇಲ್ಲಿರಲಿ, ಓದು ಇವತ್ತಿಗೆ ಬಂದ್. ಇಲ್ಲದಿದ್ದರೆ ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿ ಬರೆಯಬೇಕಾಗುತ್ತದೆ" ಎಂದರು ಹೆಡ್‌ಮಾಸ್ಟರು. ನನಗೆ ನಿವೃತ್ತಿಗೆ ಐದೇ ತಿಂಗಳು. ಆ ರಿಜಿಸ್ಟರಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಕ್ಲಾಸಿನಲ್ಲಿ ಕೇಳಿದೆ. ಹನ್ನೊಂದು ಬಂದವು. ಲೇಪಾಕ್ಷಿಯ ಲಕ್ಷ್ಮಿ ಎದ್ದಳು. "ಕೊನೇದು ನಮ್ಮಜ್ಜಿ ತಾವ ಐತೆ ಮೇಡಂ. ನೆನ್ನೆ ಅರ್ಧ ಓದಿ ಹೇಳಿದ್ದೆ. ಬೆಳಿಗ್ಗೆ ಇಸ್ಕೂಲಿಗೆ ತರಾಕೆ ಕೇಳಿದ್ರೆ, 'ಆ ಹುಡ್ಗೀಗೆ ಯಾರು ಅನ್ನ ಇಕ್ಕಿದ್ರು ಅಂತ ಗೊತ್ತಾಗೋಗಂಟ ಕೊಡಾಕಿಲ್ಲ ಕಣಮ್ಮ, ನಿಮ್ ಟೀಚರಮ್ಮನ್ನೇ ಬರಾಕೇಳು' ಅಂದ್ಬುಟ್ಳು."

"ಇಕ್ಕಿದ್ರಾ ಇಲ್ವಾ?" ಎಂದು ಇಡೀ ಕ್ಲಾಸು ಒಟ್ಟಿಗೆ ಕೇಳಿತು. ಹಿಂದಿನ ಬೆಂಚೂ ಕೇಳಿತು. ನಾನು ಕೈಯಲ್ಲಿದ್ದ ಹನ್ನೊಂದನ್ನೂ ವಾಪಸ್ ಹಂಚಿಬಿಟ್ಟೆ.

ನಾಲ್ಕೂವರೆಗೆ ಸರಿಯಾಗಿ ಬರಿಗೈಲಿ ಹೋಗಿ ನಿಂತೆ. ವಿವರಣೆ ಬರೆದುಕೊಡಿ ಎಂದರು. ಮಾರ್ಜಿನ್ ಎಳೆದು ಬರೆದೆ: "ಕತ್ತರಿಸಿದವಳು ನಾನು. ಎಲ್ಲರೂ ಓದಿ ಮುಗಿಸುವವರೆಗೆ ಪುಸ್ತಕ ವಾಪಸ್ ಬರುವುದಿಲ್ಲ."

ಹೆಡ್‌ಮಾಸ್ಟರು ಎರಡು ಸಲ ಓದಿದರು. "ವಿಷಾದ ಅಂತ ಎಲ್ಲೂ ಇಲ್ಲವಲ್ಲ, ಮೇಡಂ?"

ಕಾಗದ ಹಿಂದಕ್ಕೆ ತೆಗೆದುಕೊಂಡು ಕೆಳಗೆ ಸೇರಿಸಿದೆ: "ಏಳನೇ ಅಧ್ಯಾಯದ ಅಂಚು ಸೊಟ್ಟಗೆ ಕತ್ತರಿಸಿದ್ದೇನೆ. ಅದಕ್ಕೆ ವಿಷಾದವಿದೆ." ಸಹಿ ಹಾಕಿ, ವೇಳೆ ನಮೂದಿಸಿ, ಪೆನ್ನಿನ ಮುಚ್ಚಳ ಹಾಕಿದೆ.